ಕಲಕಿ ಬಡಿಸಿದ ವರ್ಷ

ಹೋದ ತಿಂಗಳು ಮಕ್ಕಳ ಭಾಷಣ ಸ್ಪರ್ಧೆಗೆ ತೀರ್ಪುಗಾರಳಾಗಿ ಹೋಗಿದ್ದೆ. ವಿಷಯ: ಸಮಾನತೆ. ಮಕ್ಕಳು ಒಬ್ಬರ ಹಿಂದೊಬ್ಬರು ಬಂದು, ಮೇಷ್ಟ್ರು ಬರೆದುಕೊಟ್ಟದ್ದನ್ನು ಉಸಿರು ಬಿಡದೆ ಒಪ್ಪಿಸಿ, ಕೈಮುಗಿದು ಇಳಿಯುತ್ತಿದ್ದರು. ಆಕಳಿಕೆ ತಡೆಯುವುದೇ ನನಗೊಂದು ಕೆಲಸವಾಗಿತ್ತು. ಅಷ್ಟರಲ್ಲಿ ಕಿಟಕಿಯಿಂದ ಆ ವಾಸನೆ ಬಂತು. ದೊಡ್ಡ ಪಾತ್ರೆಯಲ್ಲಿ ಮೊಟ್ಟೆ ಬೇಯುವ ವಾಸನೆ, ಜೊತೆಗೆ ಕಾಂಪೌಂಡಿನಾಚೆಯ ಲೇತ್ ಶೆಡ್ಡಿನಿಂದ ಕಾದ ಕಬ್ಬಿಣದ ಮೇಲೆ ಎಣ್ಣೆ ಬಿದ್ದ ವಾಸನೆ. ಎದುರಿಗಿದ್ದ ಹುಡುಗಿ 'ಸಮಾನತೆ ಎಂದರೇನು?' ಎಂದು ಕೈ ಎತ್ತಿ ಕೇಳುತ್ತಿದ್ದಳು. ನನ್ನ ಕಣ್ಣು ತುಂಬಿಬಿಟ್ಟಿತು. ಪಾಪ, ಭಾಷಣಕ್ಕೆ ಮೇಡಂ ಕರಗಿಹೋದರು ಅಂದುಕೊಂಡಿರಬೇಕು ಆ ಮಗು.

ನಾನು ಹರಿಹರದ ಕಡೆಯವಳು. ಲಿಂಗಪೂಜೆ ಮುಗಿಯದೆ ಯಾರೂ ಬಾಯಿಗೆ ನೀರು ಹಾಕದ ಮನೆ ನಮ್ಮದು. ಮೊಟ್ಟೆಯ ಹೆಸರನ್ನೂ ನಮ್ಮಮ್ಮ ಎತ್ತುವುದಿಲ್ಲ, 'ಅದು' ಅನ್ನುತ್ತಾಳೆ. ಮೊಟ್ಟೆಯ ವಾಸನೆಗೆ ಕಣ್ಣೀರು ಹಾಕಿದ್ದೇನೆ ಅಂತ ಗೊತ್ತಾದರೆ ನನ್ನನ್ನು ಮನೆಯೊಳಗೆ ಬಿಟ್ಟುಕೊಳ್ಳುವ ಮೊದಲು ಎರಡು ಸಲ ಯೋಚಿಸುತ್ತಾಳೆ.

ಸ್ಪರ್ಧೆ ನಡೆದ ಇದೇ ಶಾಲೆಯಲ್ಲಿ ನಾನು ಹಿಂದೆ ಗಣಿತ ಕಲಿಸಿದ್ದೆ. ಬಾಗಲಗುಂಟೆ ದಾಟಿ, ಪೀಣ್ಯದ ಶೆಡ್ಡುಗಳ ಹಿಂಬದಿಗೆ ಸಿಕ್ಕಿಹಾಕಿಕೊಂಡ ಒಂದು ಸರ್ಕಾರಿ ಪ್ರೌಢಶಾಲೆ. ಹೆಸರು ಬೇಡ, ಅಲ್ಲಿಯವರೆಲ್ಲ ಇನ್ನೂ ನನ್ನ ವಾಟ್ಸಾಪಿನಲ್ಲಿದ್ದಾರೆ. ಮೂರು ವರ್ಷದ ಹಿಂದೆ ಜೂನ್ ತಿಂಗಳಲ್ಲಿ ವರ್ಗವಾಗಿ ಬಂದಾಗ ಒಂಬತ್ತು, ಹತ್ತನೇ ತರಗತಿಗೂ ಬಿಸಿಯೂಟದ ಜೊತೆ ಮೊಟ್ಟೆ ಕೊಡುವುದು ಆಗಷ್ಟೇ ಶುರುವಾಗಿತ್ತು. ಬೇಡದವರಿಗೆ ಬಾಳೆಹಣ್ಣು. ಮಕ್ಕಳ ಸಂಭ್ರಮ ಕೇಳಬೇಡಿ. ಮೊಟ್ಟೆಯ ದಿನ ಹಾಜರಿ ಪೂರ್ತಿ, ಜ್ವರ ಬಂದವನೂ ಸ್ವೆಟರ್ ಹಾಕಿಕೊಂಡು ಬರುತ್ತಿದ್ದ.

ಬಡಿಸುವಾಗ ಗಲಾಟೆ ಆಗಬಾರದು ಅಂತ ನಮ್ಮ ಪಿಟಿ ಮೇಷ್ಟ್ರು ನಾಗರಾಜ್ ಒಂದು ಉಪಾಯ ಮಾಡಿದರು. ಪಕ್ಕದ ಕಾರ್ಖಾನೆಯವರು ಉಳಿದ ಪೇಂಟ್ ಕೊಟ್ಟಿದ್ದರು. ಕಾರ್ಖಾನೆಯ ನೆಲದ ಮೇಲೆ ಜನ ನಡೆಯಲು ಒಂದು ಗೆರೆ, ಗಾಡಿ ಓಡಲು ಒಂದು ಗೆರೆ ಎಳೆದಿರುತ್ತಾರಲ್ಲ, ಹಾಗೆಯೇ ಊಟದ ಜಗಲಿಯ ಉದ್ದಕ್ಕೂ ಎರಡು ಗೆರೆ ಎಳೆದರು. ಹಳದಿ ಗೆರೆಯ ಮೇಲೆ ಮೊಟ್ಟೆ ತಿನ್ನುವವರು, ಬಿಳಿ ಗೆರೆಯ ಮೇಲೆ ಬಾಳೆಹಣ್ಣಿನವರು. ಆ ಮನುಷ್ಯನ ಮನಸ್ಸಿನಲ್ಲಿ ಎಳ್ಳಷ್ಟೂ ಕೆಟ್ಟದ್ದಿರಲಿಲ್ಲ. ದಾರ ಹಿಡಿದು, ಒಂದಿಷ್ಟೂ ಸೊಟ್ಟವಾಗದಂತೆ ಎಳೆದು, ಸೊಂಟಕ್ಕೆ ಕೈಯಿಟ್ಟು ನೋಡಿ ಖುಷಿಪಟ್ಟಿದ್ದರು. "ಸಕ್ಕತ್ತಾಗಿದೆ ಅಲ್ವಾ ಮೇಡಂ?" ಅಂತ ನನ್ನನ್ನೂ ಕೇಳಿದ್ದರು.

ಒಂದು ದಿನ ಮೊಟ್ಟೆಯೂ ಇರಲಿಲ್ಲ, ಬಾಳೆಹಣ್ಣೂ ಇರಲಿಲ್ಲ. ಬರೀ ಅನ್ನ, ಸೀಮೆಬದನೆಕಾಯಿ ಸಾಂಬಾರು. ಆದರೂ ಮಕ್ಕಳು ಬಂದು ಹಳದಿಯವರು ಹಳದಿಗೆ, ಬಿಳಿಯವರು ಬಿಳಿಗೆ ಕೂತರು. ಯಾಕ್ರೋ ಹೀಗೆ ಅಂದರೆ, "ನಮ್ದು ಬಿಳಿ ಸಾಲು ಮಿಸ್" ಅಂದ ಎಂಟನೇ ತರಗತಿಯ ಪುಟಾಣಿ. ಆಮೇಲೆ ಗಮನವಿಟ್ಟು ನೋಡಿದೆ. ಬಕೆಟ್ಟು ಮೊದಲು ಹೋಗುತ್ತಿದ್ದುದು ಬಿಳಿ ಸಾಲಿಗೆ. ಅತಿಥಿಗಳು ಬಂದರೆ ನೀರಿನ ತಟ್ಟೆ ಹಿಡಿಯಲು ಕರೆಯುತ್ತಿದ್ದುದು ಬಿಳಿ ಸಾಲಿನವರನ್ನು. ಪ್ರಾರ್ಥನೆಗೆ ಮೈಕಿನ ಮುಂದೆ ನಿಲ್ಲುವವರೂ ಅವರೇ. ಗುಡಿಸುವುದಕ್ಕೆ, ಮೋರಿಯ ಕಸ ತೆಗೆಯುವುದಕ್ಕೆ ಮಾತ್ರ ಮೇಷ್ಟ್ರುಗಳ ಕಣ್ಣು ಹಳದಿ ಗೆರೆಯತ್ತ ಹೋಗುತ್ತಿತ್ತು. ಹಳದಿಯಲ್ಲೂ ಎಲ್ಲರನ್ನೂ ಕರೆಯುತ್ತಿರಲಿಲ್ಲ, ಕೆಲವರನ್ನೇ. ಮಕ್ಕಳ ಜಾತಿ ಕೇಳಬಾರದು ಅಂತ ನಮಗೆಲ್ಲ ತರಬೇತಿಯಲ್ಲಿ ಹೇಳಿದ್ದರು, ಯಾರೂ ಕೇಳುತ್ತಲೂ ಇರಲಿಲ್ಲ. ಮೊಟ್ಟೆ ತಿಂತೀಯಾ ಅಂತ ಕೇಳಿದರೆ ಸಾಕಾಗುತ್ತಿತ್ತು, ಉಳಿದದ್ದನ್ನು ಮನೆ ಯಾವ ಬೀದಿಯಲ್ಲಿದೆ ಅಂತ ಕೇಳಿ ತಿಳಿದುಕೊಳ್ಳುತ್ತಿದ್ದರು.

ಹಳದಿ ಸಾಲಿನ ಕಟ್ಟಕಡೆಗೆ ಕೂರುತ್ತಿದ್ದವಳು ಹುಲಿಗೆಮ್ಮ. ಒಂಬತ್ತನೇ ತರಗತಿ. ಲಿಂಗಸುಗೂರಿನ ಕಡೆಯವರು, ಅಪ್ಪ ಸೆಂಟ್ರಿಂಗ್ ಕೆಲಸಕ್ಕೆ, ಅವ್ವ ಗಾರೆ ಕೆಲಸಕ್ಕೆ. ಬಾಗಲಗುಂಟೆಯಲ್ಲಿ ಸಾಲು ರೂಮುಗಳ ಒಂದು ವಠಾರದಲ್ಲಿ ಬಾಡಿಗೆಗಿದ್ದರು. ಹುಡುಗಿ ಕಡ್ಡಿಯಂತಿದ್ದಳು, ಬಾಯಿ ಮಾತ್ರ ಊರಗಲ. ಬೀಜಗಣಿತದಲ್ಲಿ ನಾನು ಬೋರ್ಡಿನ ಮೇಲೆ ತಪ್ಪು ಮಾಡಿದರೆ ಉಳಿದವರು ಅದನ್ನೇ ಇಳಿಸಿಕೊಳ್ಳುತ್ತಿದ್ದರು. ಇವಳು ಮಾತ್ರ ಎದ್ದು ನಿಂತು, "ಮಿಸ್, ಸಿಟ್ಟಾಗಬ್ಯಾಡ್ರಿ, ಮೈನಸ್ ಎಲ್ಲಿಗಿ ಹೋತ್ರಿ?" ಅನ್ನುತ್ತಿದ್ದಳು. ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಅವಳ ಮೇಲೆ ಮಾತ್ರ ಬರುತ್ತಿರಲಿಲ್ಲ, ಏನು ಮಾಡಲಿ.

ಜುಲೈನಲ್ಲಿ ಶಾಲಾ ಸಂಸತ್ತಿನ ಚುನಾವಣೆ. ಮಕ್ಕಳೇ ಓಟು ಹಾಕಿ ಪ್ರಧಾನಿ, ಕ್ರೀಡಾ ಮಂತ್ರಿ, ಸ್ವಚ್ಛತಾ ಮಂತ್ರಿ, ಆಹಾರ ಮಂತ್ರಿ ಅಂತ ಆರಿಸುತ್ತಾರೆ. ಆಹಾರ ಮಂತ್ರಿಯ ಕೆಲಸ ನಮ್ಮಲ್ಲಿ ಸಾಂಬಾರು ಬಡಿಸುವುದು. ಹುಲಿಗೆಮ್ಮ ನನ್ನ ಹತ್ತಿರ ಬಂದು, "ನಾ ಆಹಾರ ಮಂತ್ರಿಗಿ ನಿಲ್ತೀನ್ರಿ ಮಿಸ್" ಅಂದಳು.

"ಆಹಾರಕ್ಕೇ ಯಾಕೆ? ಇಷ್ಟು ಬಾಯಿದೆ ನಿಂಗೆ, ಪ್ರಧಾನಿಗೆ ನಿಲ್ಲು."

"ಪ್ರಧಾನಿ ಆದ್ರ ಕೈಯಾಗ ಸೌಟು ಕೊಡಂಗಿಲ್ಲಲ್ರಿ."

ನಕ್ಕೆ. ಅವಳು ನಗಲಿಲ್ಲ. ಬಾಗಿಲ ಚೌಕಟ್ಟಿನ ಬಣ್ಣವನ್ನು ಉಗುರಿನಿಂದ ಕೆರೆಯುತ್ತ ಹೇಳಿದಳು. "ನಮ್ಮೂರಾಗ ಯಾರ ಮನಿ ಲಗ್ನ ಆದ್ರೂ ನಮ್ಮನ್ನ ಕಡೀಕ ಕೂಡಸ್ತಾರ್ರಿ. ನಮ್ಮವ್ವ ತಾಟು ಕೆಳಗಿಟ್ಟು ಹಿಂದ ಸರೀಬೇಕು, ಆಮ್ಯಾಲೆ ಮ್ಯಾಲಿಂದ ಸುರೀತಾರ. ಸಾರು ಕಾಲಿಗಿ ಸಿಡೀತೈತಿ. ಒಂದ ಸಲ ನಾ ಬಡಸಬೇಕ್ರಿ ಮಿಸ್. ಎಲ್ಲಾರೂ ನನ್ನ ಮುಂದ ತಾಟು ಹಿಡೀಬೇಕು."

ನಮ್ಮೂರಿನ ಕಲ್ಯಾಣಮಂಟಪದಲ್ಲಿ ಮೊದಲ ಪಂಕ್ತಿಗೆ ಕೂತು, ಒಬ್ಬಟ್ಟಿಗೆ ತುಪ್ಪ ಕಡಿಮೆ ಆಯಿತು ಅಂತ ಮುಖ ಊದಿಸಿಕೊಂಡವಳು ನಾನು. "ನಿಲ್ಲು. ಚೆನ್ನಾಗಿ ಭಾಷಣ ಮಾಡು" ಅಂದೆ ಅಷ್ಟೇ.

ಭಾಷಣ ಅಂದರೆ ಅದು ಭಾಷಣ! ಪ್ರಾರ್ಥನೆಯ ಮೈದಾನದಲ್ಲಿ ಎದುರಾಳಿ ಚೈತ್ರಾ ಮೊದಲು ಮಾತಾಡಿದಳು. ಅವಳು ಬಿಳಿ ಸಾಲಿನವಳು, ಬಸ್ ಸ್ಟಾಪಿನ ಹತ್ತಿರ ಅವರಪ್ಪನ ದಿನಸಿ ಅಂಗಡಿ. ಪೌಷ್ಟಿಕಾಂಶ, ವಿಟಮಿನ್ನು ಅಂತ ಚೆಂದವಾಗಿ ಒಪ್ಪಿಸಿದಳು. ಆಮೇಲೆ ಹುಲಿಗೆಮ್ಮ ಮೈಕು ಹಿಡಿದು, "ನಮಸ್ಕಾರ್ರಿ ಎಲ್ಲಾರಿಗೂ" ಅಂದಕೂಡಲೇ ಹಿಂದಿನ ಸಾಲಿನ ಹುಡುಗರು 'ರೀ, ರೀ' ಅಂತ ಅಣಕಿಸಿ ಕಿಸಕ್ಕನೆ ನಕ್ಕರು. ಅವಳು ನಗು ನಿಲ್ಲುವವರೆಗೂ ಸುಮ್ಮನೆ ಕಾದಳು.

"ನಗ್ರಿ, ನಗ್ರಿ. ಹೊಟ್ಟಿ ತುಂಬ ನಗ್ರಿ. ಆದ್ರ ಮಧ್ಯಾಹ್ನ ಹೊಟ್ಟಿ ತುಂಬತೈತೇನು? ಬಕೆಟಿನಾಗ ಬ್ಯಾಳಿ ಎಲ್ಲಿರತೈತಿ? ತಳದಾಗ. ಈಗ ಬಡಸವ್ರು ಏನ್ ಮಾಡ್ತಾರ? ಮ್ಯಾಲಿನ ನೀರು ನಮಗ, ತಳದಾಗಿನ ಬ್ಯಾಳಿ ಅವರ ದೋಸ್ತರಿಗಿ. ನಾ ಗೆದ್ರ ತಳಮಟ ಕಲಕಿ ಬಡಸ್ತೀನಿ. ಎಲ್ಲಾರಿಗೂ ಬ್ಯಾಳಿ, ಎಲ್ಲಾರಿಗೂ ನೀರು. ಇಷ್ಟ ನನ್ನ ಭಾಷಣ."

ಮೈದಾನವೆಲ್ಲ ಚಪ್ಪಾಳೆ. ಅಣಕಿಸಿದ ಹುಡುಗರೂ "ಸೂಪರ್ ಕಣೋ ಮಗಾ" ಅಂದರು. ಎರಡೂ ಸಾಲಿನವರಿಗೆ ಬೇಳೆಯ ಅನ್ಯಾಯ ಗೊತ್ತಿತ್ತಲ್ಲ. ಹುಲಿಗೆಮ್ಮ ಭಾರೀ ಅಂತರದಿಂದ ಗೆದ್ದಳು. ಸಂಜೆ ಮನೆಗೆ ಹೋಗುವಾಗ ಗೇಟಿನ ಹತ್ತಿರ ಗಾಳಿಯಲ್ಲೇ ಸೌಟು ತಿರುಗಿಸಿ ಗೆಳತಿಯರಿಗೆ ತೋರಿಸುತ್ತಿದ್ದಳು.

ಮಾರನೆಯ ದಿನ ಹೆಡ್ ಮಾಸ್ಟರ್ ಗಂಗಾಧರಯ್ಯನವರು ನಮ್ಮನ್ನೆಲ್ಲ ಕರೆದರು. ಆ ಮನುಷ್ಯ ಕೆಟ್ಟವರಲ್ಲ, ನಾನು ಆಣೆ ಮಾಡಿ ಹೇಳುತ್ತೇನೆ. ಮಕ್ಕಳ ಬಸ್ ಪಾಸಿಗೆ ತಾವೇ ಓಡಾಡುತ್ತಿದ್ದರು. ಆದರೆ ಹೆದರುಪುಕ್ಕಲು. ಮೇಲಿನ ಅಧಿಕಾರಿಗೆ ಹೆದರುವುದು, ಊರಿನವರಿಗೆ ಹೆದರುವುದು, ಟಿವಿಯವರು ಬಂದರೆ ಅಂತ ಎಲ್ಲಕ್ಕಿಂತ ಹೆಚ್ಚು ಹೆದರುವುದು. ಮಕ್ಕಳಿಗೆ ಬಡಿಸುವ ಮೊದಲು ಮೇಷ್ಟ್ರು ರುಚಿ ನೋಡಬೇಕು ಅನ್ನುವ ನಿಯಮವಿದೆ. ಅವರ ಸರದಿ ಬಂದಾಗಲೆಲ್ಲ ಹೊಟ್ಟೆ ಹಿಡಿದುಕೊಂಡು "ಗ್ಯಾಸ್ಟ್ರಿಕ್ ಮೇಡಂ, ನೀವೇ ನೋಡಿಬಿಡಿ" ಅನ್ನುತ್ತಿದ್ದರು. ಊಟದ ಡಬ್ಬಿ ಮನೆಯಿಂದ ಬರುತ್ತಿತ್ತು, ಬಾಗಿಲು ಮುಂದೆ ಮಾಡಿಕೊಂಡು ತಿನ್ನುತ್ತಿದ್ದರು.

"ಒಂದು ಸಣ್ಣ ಬದಲಾವಣೆ" ಅಂದರು. "ಆ ಹುಡುಗಿ ಹುಲಿಗೆಮ್ಮ ಚುರುಕಿದಾಳೆ. ಸ್ವಚ್ಛತಾ ಮಂತ್ರಿ ಮಾಡಿದ್ರೆ ಸ್ಕೂಲು ಲಕಲಕ ಅನ್ನುತ್ತೆ. ಆಹಾರ ಚೈತ್ರಾ ನೋಡ್ಕೊಳ್ಳಿ."

"ಯಾಕೆ ಸರ್? ಗೆದ್ದಿದ್ದು ಹುಲಿಗೆಮ್ಮ ಅಲ್ವಾ?" ಅಂದೆ.

"ಗೆದ್ದಿದ್ದು ಸರಿ ಮೇಡಂ. ಮೊಟ್ಟೆ ಮುಟ್ಟಿದ ಕೈಯಲ್ಲಿ ಬಿಳಿ ಸಾಲಿಗೆ ಬಡಿಸಿದ್ರೆ..."

"ಜಯಮ್ಮ ಮೊಟ್ಟೆ ಬೇಯಿಸೋ ಕೈಯಲ್ಲೇ ಸಾಂಬಾರೂ ಮಾಡ್ತಾರಲ್ಲ ಸರ್? ಅದನ್ನ ತಿಂತಾರಲ್ಲ?" ಜಯಮ್ಮ ನಮ್ಮ ಅಡುಗೆಯಾಕೆ.

ಸರ್ ಕನ್ನಡಕ ತೆಗೆದು ಒರೆಸಿದರು. ಆಮೇಲೆ ದನಿ ತಗ್ಗಿಸಿ, ಸ್ವಂತ ಮನೆಯವರೊಂದಿಗೆ ಮಾತಾಡುವಷ್ಟು ಸಲಿಗೆಯಿಂದ, "ನಿಮಗೂ ಬಿಡಿಸಿ ಹೇಳ್ಬೇಕಾ ಮೇಡಂ? ನಮ್ಮ ಮನೆಗಳ ಕಥೆ ನಿಮಗೆ ಗೊತ್ತೇ ಇದೆ" ಅಂದರು.

ಆ 'ನಮ್ಮ' ಅನ್ನುವ ಮಾತು ಕೇಳಿ ಮೈಯೆಲ್ಲ ಉರಿದುಹೋಯಿತು. ನನ್ನ ಕತ್ತಿನ ಶಿವದಾರ ನೋಡಿ ನನ್ನನ್ನು ತಮ್ಮ ಪಕ್ಷಕ್ಕೆ ಸೇರಿಸಿಕೊಂಡಿದ್ದರು. "ಗೊತ್ತಿರೋದಕ್ಕೇ ಹೇಳ್ತಿರೋದು ಸರ್, ಇದು ತಪ್ಪು" ಅಂದೆ. ಜೋರಾಗಿಯೇ ಅಂದೆ. ಉಳಿದ ಮೇಷ್ಟ್ರುಗಳು ಟೀ ಲೋಟದೊಳಗೆ ನೋಡುತ್ತ ಕೂತರು. ನನ್ನ ಮಾತು ನಡೆಯಲಿಲ್ಲ. ಅವತ್ತೇ ಪ್ರಾರ್ಥನೆಯಲ್ಲಿ ಹೊಸ ಮಂತ್ರಿಮಂಡಲದ ಹೆಸರು ಓದಿ, ಹುಲಿಗೆಮ್ಮನ ಕೈಗೆ ಹೊಸ ಪೊರಕೆ ಕೊಟ್ಟು ಫೋಟೋ ತೆಗೆದರು. ಅವಳು ಪೊರಕೆ ಹಿಡಿದುಕೊಂಡು ನನ್ನ ಕಡೆ ನೋಡಿದಳು. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಎರಡು ದಿನ ನನ್ನ ತರಗತಿಯಲ್ಲಿ ಅವಳು ತುಟಿ ಬಿಚ್ಚಲಿಲ್ಲ. ಬೋರ್ಡಿನ ಮೇಲೆ ಬೇಕಂತಲೇ ಒಂದು ಮೈನಸ್ ಬಿಟ್ಟೆ. ಕಂಡರೂ ಸುಮ್ಮನಿದ್ದಳು.

ದಿನಾ ಬೆಳಿಗ್ಗೆ ಸಹಿ ಹಾಕುವುದು, ಸರ್ ಜೊತೆ ಒಂದು ಸುತ್ತು ಜಗಳ ಆಡುವುದು, ಆಮೇಲೆ ತರಗತಿಗೆ ಹೋಗುವುದು. ಅದೇ ನನ್ನ ದಿನಚರಿಯಾಯಿತು. ಮನೆಯಲ್ಲಿ ನಮ್ಮ ಯಜಮಾನರು, "ನಿಮ್ಮ ಹೆಡ್ ಮಾಸ್ಟರಿಗೆ ನಿಜವಾಗಲೂ ಗ್ಯಾಸ್ಟ್ರಿಕ್ ಬಂದಿರುತ್ತೆ ಕಣೇ ಈಗ" ಅಂದರು.

ಆ ವಾರ ಜಡಿಮಳೆ. ಪೀಣ್ಯದ ರಸ್ತೆಗಳೆಲ್ಲ ಕೆಸರು, ಲಾರಿಗಳು ಹಾದರೆ ನಮ್ಮ ಗೇಟಿನವರೆಗೂ ಕಂದು ನೀರು ಹಾರುತ್ತಿತ್ತು. ಮಳೆಗೆ ಗಾರೆ ಕೆಲಸ ನಿಂತಿತ್ತು. ಹುಲಿಗೆಮ್ಮನ ಅವ್ವ ದುರಗಮ್ಮ ತಲೆಗೊಂದು ಸಿಮೆಂಟಿನ ಪ್ಲಾಸ್ಟಿಕ್ ಚೀಲ ಮುಚ್ಚಿಕೊಂಡು ಶಾಲೆಗೆ ಬಂದಳು. ಹೆಡ್ ಮಾಸ್ಟರ್ ಕೋಣೆಯ ಹೊರಗೇ ನಿಂತಳು, ಒಳಗೆ ಬಾರಮ್ಮ ಅಂದರೂ ಬರಲಿಲ್ಲ. ನಾನು ಅಲ್ಲೇ ಇದ್ದೆ.

"ಸಾಹೇಬ್ರ, ನನ್ನ ಮಗಳು ಗೆದ್ದಾಳಂತ ಹೇಳಿದ್ಲು. ಖರೇನ್ರಿ?"

"ಹೌದಮ್ಮ, ಗೆದ್ದಳು. ಮಂತ್ರಿ ಮಾಡಿದೀವಲ್ಲ" ಅಂದರು ಸರ್.

"ಕಸಾ ಹೊಡಿಯೂ ಮಂತ್ರಿ ಅಂತಲ್ರಿ." ಅವಳ ದನಿಯಲ್ಲಿ ಜಗಳವಿರಲಿಲ್ಲ. ತಿಳಿಯದೆ ಕೇಳುತ್ತಿದ್ದಳು. "ಕಸಾ ಹೊಡಿಯೂದು ನಾವು ಹೆಂಗೂ ಮಾಡ್ತೀವ್ರಿ. ಅದಕ್ಕ ಓಟು ಯಾಕ ಬೇಕಿತ್ತ್ರಿ?"

ಸರ್ ಮೇಜಿನ ಮೇಲಿನ ಹಾಜರಿ ಪುಸ್ತಕವನ್ನು ಸರಿಸಿ ಇಟ್ಟರು. ದುರಗಮ್ಮ "ಬರ್ತೀನ್ರಿ" ಅಂತ ಚೀಲ ಸರಿಮಾಡಿಕೊಂಡು ಮಳೆಯಲ್ಲೇ ಹೊರಟಳು. ಅವತ್ತು ಸರ್ ಊಟದ ಡಬ್ಬಿ ತೆರೆದದ್ದನ್ನು ನಾನು ನೋಡಲಿಲ್ಲ.

ಇನ್ನೊಂದು ಏಟು ಯಾರೂ ನಿರೀಕ್ಷಿಸದ ಕಡೆಯಿಂದ ಬಿತ್ತು. ಚೈತ್ರಾ ಅಳುಮೋರೆ ಮಾಡಿಕೊಂಡು ಬಂದು ಸೌಟನ್ನು ಸರ್ ಮೇಜಿನ ಮೇಲೆಯೇ ಇಟ್ಟುಬಿಟ್ಟಳು, ಅದರಿಂದ ಸಾಂಬಾರು ಇನ್ನೂ ತೊಟ್ಟಿಕ್ಕುತ್ತಿತ್ತು. "ನಂಗೆ ಬೇಡ ಸರ್ ಇದು. ಎಲ್ರೂ ಸೋತ ಮಂತ್ರಿ, ಸೋತ ಮಂತ್ರಿ ಅಂತ ಕರೀತಾರೆ. ಬಡಿಸೋಕೆ ಹೋದ್ರೆ ಕಲಕು, ಕಲಕು ಅಂತ ಕೂಗ್ತಾರೆ. ಗೆದ್ದವಳಿಗೇ ಕೊಡಿ." ಸಮಾನತೆಯ ಮೇಲಿನ ಪ್ರೀತಿಯಿಂದ ಅವಳು ಹಾಗೆ ಮಾಡಲಿಲ್ಲ, ಅವಮಾನ ತಡೆಯಲಾರದೆ ಮಾಡಿದಳು. ಆದರೂ ಆ ಮಗುವನ್ನು ಅಲ್ಲೇ ಅಪ್ಪಿಕೊಂಡೆ.

ಸರ್ ಮೇಜಿನ ಮೇಲಿನ ಸಾಂಬಾರನ್ನು ಒರೆಸಿದರು. "ಸೋಮವಾರದಿಂದ ಆ ಹುಡುಗಿನೇ ಬಡಿಸಲಿ. ಯಾವ ಮಗುವಾದ್ರೂ ಉಪವಾಸ ಎದ್ದು ಹೋದ್ರೆ, ಪೇಪರಿನಲ್ಲಿ ಬಂದ್ರೆ, ನಾನು ಸತ್ತೆ ಅಂತ ತಿಳ್ಕೊಳ್ಳಿ ಮೇಡಂ" ಅಂದರು.

ಸೋಮವಾರ ಹುಲಿಗೆಮ್ಮ ಎರಡು ಜಡೆ ಬಿಗಿಯಾಗಿ ಹೆಣೆದು, ಕೈಯನ್ನು ಸೋಪು ಹಾಕಿ ಉಜ್ಜಿ ಉಜ್ಜಿ ಕೆಂಪಗೆ ಮಾಡಿಕೊಂಡು ಬಂದಿದ್ದಳು. ಜಯಮ್ಮ ಬಕೆಟ್ಟು ತುಂಬಿಕೊಟ್ಟು, "ಭಾರ ಐತೆ ಮಗ, ಇಂಗೆ ಸೊಂಟಕ್ಕೆ ಆನಿಸ್ಕೋ. ಎದುರ್ಕೋಬ್ಯಾಡ" ಅಂದಳು. ನಾನು ತಟ್ಟೆ ಹಿಡಿದು ಬಿಳಿ ಸಾಲಿನಲ್ಲಿ ಮಕ್ಕಳ ನಡುವೆಯೇ ಕೂತೆ.

ಹುಲಿಗೆಮ್ಮ ಬಕೆಟ್ಟು ಕೆಳಗಿಟ್ಟು, ಸೌಟನ್ನು ತಳದವರೆಗೂ ಇಳಿಸಿ, ಬೇಳೆ ಮೇಲೆದ್ದು ಬರುವಂತೆ ಕಲಕಿದಳು. ಹಳದಿ ಸಾಲಿನಿಂದ ಶಿಳ್ಳೆ. ಬಿಳಿ ಸಾಲಿನ ಮೊದಲನೆಯವನು ಹತ್ತನೇ ತರಗತಿಯ ಅಭಿಷೇಕ. ಸೌಟು ಅವನ ತಟ್ಟೆಯ ಹತ್ತಿರ ಬಂತು. ಅವನು ಮದುವೆಮನೆಯಲ್ಲಿ ದೊಡ್ಡವರು ಸಾಕು ಅನ್ನುವಾಗ ಮಾಡುತ್ತಾರಲ್ಲ, ಹಾಗೆ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದ. ಪಕ್ಕದವನು ಅವನನ್ನು ನೋಡಿ ತಾನೂ ಹಿಡಿದ. ಅವನ ಪಕ್ಕದ ಹುಡುಗಿಯೂ. ಕೈಗಳು ಒಂದೊಂದಾಗಿ ತಟ್ಟೆ ಮುಚ್ಚಿಕೊಳ್ಳುತ್ತ ಬಂದವು. ಹಳದಿ ಸಾಲಿನಲ್ಲಿ ಶಿಳ್ಳೆ ನಿಂತುಹೋಯಿತು.

ನಾನು ಗದರಿಸಲು ಬಾಯಿ ತೆರೆದೆ. ಹುಲಿಗೆಮ್ಮ ನನಗಿಂತ ಮೊದಲು ಮಾತಾಡಿದಳು. "ಬ್ಯಾಡಾದ್ರ ಬಿಡ್ರಿ. ಆಮ್ಯಾಲೆ ಕೇಳಿದ್ರ ಆಮ್ಯಾಲೆ ಹಾಕ್ತೀನಿ" ಅಂದಳು. ದನಿ ಗಟ್ಟಿಯಾಗಿಯೇ ಇತ್ತು. ಸೌಟಿನ ಸಾಂಬಾರು ಮಾತ್ರ ಬಕೆಟ್ಟಿನ ಅಂಚಿಗೆ ತಾಗಿ ತೊಟ್ಟಿಕ್ಕುತ್ತಿತ್ತು. ನನ್ನ ತಟ್ಟೆಗೆ ಹಾಕಿದಳು. ನಾನು ಕಲಸಿ ತುತ್ತು ಬಾಯಿಗಿಟ್ಟೆ. ನಾನೊಬ್ಬಳು ತಿಂದರೆ ಏನಾಯಿತು? ಈ ಗಿರಿಜಾ ಮಿಸ್ ಹೇಗೂ ಆ ಹುಡುಗಿಯ ಪಕ್ಷ ಅಂತ ಎಲ್ಲರಿಗೂ ಗೊತ್ತಿತ್ತಲ್ಲ.

ಆಗ ಹೆಡ್ ಮಾಸ್ಟರ್ ಕೋಣೆಯ ಬಾಗಿಲು ತೆರೆಯಿತು.

ಗಂಗಾಧರಯ್ಯನವರು ಬಂದು ಮುಚ್ಚಿದ ತಟ್ಟೆಗಳನ್ನು ನೋಡಿದರು. ಮುಖ ಬಿಳಿಚಿಕೊಂಡಿತ್ತು. ಬೈಯುತ್ತಾರೋ, ಹುಲಿಗೆಮ್ಮನನ್ನು ಹಿಂದೆ ಕರೆಯುತ್ತಾರೋ ಗೊತ್ತಾಗಲಿಲ್ಲ. ಅವರು ನೇರವಾಗಿ ಹೋಗಿ ಜೋಡಿಸಿಟ್ಟ ತಟ್ಟೆಗಳಲ್ಲಿ ಒಂದನ್ನು ತೆಗೆದುಕೊಂಡು ಬಂದರು. ಇಸ್ತ್ರಿ ಮಾಡಿದ ಪ್ಯಾಂಟನ್ನು ಮಂಡಿಯ ಹತ್ತಿರ ಎತ್ತಿಕೊಂಡು, ಅಭಿಷೇಕನ ಪಕ್ಕ "ಸರ್ಕೊಳ್ಳೋ" ಅಂತ ಜಾಗ ಮಾಡಿಸಿಕೊಂಡು ನೆಲದ ಮೇಲೆ ಕೂತರು. ಮಂಡಿ ಲಟಕ್ ಅಂದದ್ದು ನನಗೂ ಕೇಳಿಸಿತು. ಜಯಮ್ಮ ಓಡಿಬಂದು ಅನ್ನ ಹಾಕಿದಳು.

ಸರ್ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಹುಲಿಗೆಮ್ಮನ ಮುಂದೆ ಹಿಡಿದರು. "ಕಲಕಿ ಹಾಕಮ್ಮ. ನಂಗೆ ಬರೀ ನೀರು ಹಾಕ್ಬೇಡ" ಅಂದರು.

ಜಗಲಿಯೆಲ್ಲ ನಗು. ಹುಲಿಗೆಮ್ಮ ನಗಲಿಲ್ಲ. ಬಕೆಟ್ಟು ಕೆಳಗಿಟ್ಟು, ತಳಮಟ ಕಲಕಿ, ಒಂದು ತೊಟ್ಟೂ ಚೆಲ್ಲದಂತೆ ಅವರ ತಟ್ಟೆಗೆ ಹತ್ತಿರದಿಂದ, ಬಹಳ ಹತ್ತಿರದಿಂದ ಸಾಂಬಾರು ಹಾಕಿದಳು. ಸರ್ ಒಂದು ತುತ್ತು ತಿಂದರು. ಎರಡನೆಯದು ತಿಂದರು. ಆಮೇಲೆ ತಲೆ ಎತ್ತಿ, "ಏನ್ ಜಯಮ್ಮ, ಉಪ್ಪೇ ಇಲ್ವಲ್ಲ ಇದಕ್ಕೆ!" ಅಂದರು.

"ದಿನಾ ಇಂಗೇ ಇರ್ತದೆ ಸಾ, ನೀವು ಇವತ್ತು ತಿಂತಿದೀರ" ಅಂದಳು ಜಯಮ್ಮ.

ನಕ್ಕು ನಕ್ಕು ನನಗೆ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಅಭಿಷೇಕನ ಆಚೆಯ ಹುಡುಗ ಮೆಲ್ಲಗೆ ಕೈ ತೆಗೆದು ತಟ್ಟೆ ಮುಂದೆ ಮಾಡಿದ. ಅವನ ಪಕ್ಕದ ಹುಡುಗಿ, "ನಂಗೂ ಕಲಕಿ ಹಾಕು" ಅಂದಳು. ಅಭಿಷೇಕ ಮಾತ್ರ ಅವತ್ತು ಬರೀ ಅನ್ನ ತಿಂದ. ಮಾರನೆಯ ದಿನವೂ. ಎಲ್ಲ ಒಂದೇ ದಿನಕ್ಕೆ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಎರಡು ಮನೆಗಳಿಂದ ತಕರಾರು ಬಂತು. ಸರ್ ಬೆವರು ಒರೆಸಿಕೊಳ್ಳುತ್ತಲೇ, "ನಾನೇ ಅದೇ ಊಟ ತಿಂತೀನಿ ಕಣಮ್ಮ, ನಂಗೇನಾಗಿದೆ?" ಅಂದರು. ಒಬ್ಬ ಹುಡುಗನನ್ನು ಅವರಪ್ಪ ಟಿಸಿ ತೆಗೆಸಿ ಬೇರೆ ಶಾಲೆಗೆ ಸೇರಿಸಿದರು. ನನಗೆ ಬೇಸರವಾಯಿತು. ಆ ಹುಡುಗ ಒಳ್ಳೆಯ ಹುಡುಗ.

ಮೊಟ್ಟೆಯ ದಿನ ಬಂದಾಗ ಹುಲಿಗೆಮ್ಮನೇ ಒಂದು ದಾರಿ ಹೇಳಿದಳು. ಎಲ್ಲರೂ ಬೇಕಾದಲ್ಲಿ ಕೂರಲಿ, ಮೊಟ್ಟೆ ಮುಂದೆ ಬರಲಿ, ಬಾಳೆಹಣ್ಣು ಹಿಂದೆ ಬರಲಿ, ಮೊಟ್ಟೆ ಬೇಡದವರು ಕೈ ಅಡ್ಡ ಹಿಡಿಯಲಿ. ನನಗೆ ಆ ಅಡ್ಡ ಹಿಡಿದ ಕೈಗಳು ಇನ್ನೂ ಕಣ್ಣಮುಂದೆಯೇ ಇದ್ದವು. "ಮತ್ತೆ ಅದೇ ಕೈ ಅಡ್ಡ ಹಿಡಿಯೋದಾ? ನಿಂಗೆ ಬೇಜಾರಾಗಲ್ವೇನೆ?" ಅಂದೆ.

"ಅದರಾಗ ತಪ್ಪೇನೈತ್ರಿ ಮಿಸ್? ಮೊಟ್ಟಿಗಿ ಹಿಡೀಲಿ. ನನಗ ಹಿಡೀಬಾರದು."

ಹಾಗೆಯೇ ಆಯಿತು. ನಾನು ಹಳದಿ ಗೆರೆಯ ಮೇಲೆ ಹುಲಿಗೆಮ್ಮನ ಗೆಳತಿಯರ ಮಧ್ಯೆ ಕೂತು, ಮೊಟ್ಟೆ ಬಂದಾಗ ಕೈ ಅಡ್ಡ ಹಿಡಿದು ಬಾಳೆಹಣ್ಣಿಗೆ ಕಾದೆ. ಪಕ್ಕದ ಹುಡುಗಿ ಮೊಟ್ಟೆ ಸುಲಿಯುತ್ತ, "ವಾಸನೆ ಬರುತ್ತಾ ಮಿಸ್?" ಅಂತ ಆಸ್ಥೆಯಿಂದ ಕೇಳಿದಳು. "ಬರುತ್ತೆ ಕಣೇ, ತಿನ್ನು" ಅಂದೆ. ನಾಗರಾಜ್ ಸರ್ ಮಾತ್ರ ಕೆಲವು ದಿನ ಸಪ್ಪಗಿದ್ದರು. ಅಷ್ಟು ನೇರವಾಗಿ ಎಳೆದ ಗೆರೆ! ಒಂದು ಶನಿವಾರ ತಾವಾಗಿಯೇ ಉಳಿದ ಪೇಂಟಿನ ಡಬ್ಬ ತಂದು, ಎರಡೂ ಗೆರೆಗಳನ್ನು ಸೇರಿಸಿ ಜಗಲಿಯ ತುಂಬ ಕುಂಟೆಬಿಲ್ಲೆಯ ಮನೆಗಳನ್ನು ಬರೆದರು. ದೀಪಾವಳಿಯ ಹೊತ್ತಿಗೆ ಅಭಿಷೇಕನೂ ಸಾಂಬಾರು ಹಾಕಿಸಿಕೊಳ್ಳುತ್ತಿದ್ದ. ಮೊದಲ ದಿನ ತಟ್ಟೆ ಹಿಡಿದನೇ ಹೊರತು ಮುಖ ಎತ್ತಲಿಲ್ಲ. ಹುಲಿಗೆಮ್ಮ ಕೊಟ್ಟ ಮಾತಿನಂತೆ ಕಲಕಿ ಹಾಕಿದಳು.

ಮುಂದಿನ ಬೇಸಿಗೆಗೆ ನನಗೆ ಸಿಂಗಸಂದ್ರದ ಕಡೆಗೆ ವರ್ಗವಾಯಿತು. ಗಂಗಾಧರಯ್ಯನವರು ನಿವೃತ್ತರಾದರು. ಹುಲಿಗೆಮ್ಮ ಹತ್ತನೇ ತರಗತಿ ಪಾಸಾಗಿ ಈಗ ಡಿಪ್ಲೊಮಾ ಓದುತ್ತಿದ್ದಾಳೆ. ಆಗಾಗ ಫೋನ್ ಮಾಡಿ, ಲೆಕ್ಕ ಕೇಳುವ ನೆಪದಲ್ಲಿ ತಲೆ ತಿನ್ನುತ್ತಾಳೆ.

ಭಾಷಣ ಸ್ಪರ್ಧೆಯ ದಿನ ಬಹುಮಾನ ಕೊಡುವುದು ಮಧ್ಯಾಹ್ನಕ್ಕೆ ಅಂತಾಯಿತು. ನಾನು ಅತಿಥಿಗಳ ಊಟ ಬಿಟ್ಟು ಜಗಲಿಗೆ ಹೋಗಿ ಕೂತೆ. ಕುಂಟೆಬಿಲ್ಲೆಯ ಮನೆಗಳು ಅರ್ಧ ಅಳಿಸಿಹೋಗಿದ್ದವು. ಒಂದು ಮಗುವೂ ನನಗೆ ಪರಿಚಯವಿರಲಿಲ್ಲ, ಆಗಿನವರೆಲ್ಲ ಪಾಸಾಗಿ ಹೋಗಿದ್ದರು. ಉದ್ದ ಕಾಲಿನ ಒಬ್ಬ ಹುಡುಗ ಸಾಂಬಾರಿನ ಬಕೆಟ್ಟು ತಂದ. ನನ್ನ ಪಕ್ಕದ ಎಂಟನೇ ತರಗತಿಯ ಹುಡುಗಿ ತಟ್ಟೆ ಹಿಡಿದು, "ಹುಲಿಗೆಮ್ಮ ಹಾಕಣ್ಣ" ಅಂದಳು. ಹುಡುಗ ಬಕೆಟ್ಟು ಕೆಳಗಿಟ್ಟು, ಸೌಟು ತಳಕ್ಕಿಳಿಸಿ, ಒಂದು ಸುತ್ತು ಕಲಕಿ ಹಾಕಿದ. ಆಚೆಯಿಂದ ಇನ್ನೊಬ್ಬ, "ಲೋ, ನಂಗೂ ಹುಲಿಗೆಮ್ಮ ಹಾಕೋ" ಅಂತ ಕೂಗಿದ.

ನಾನು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟೆ. "ಹುಲಿಗೆಮ್ಮ ಅಂದ್ರೆ ಯಾರು ಪುಟ್ಟಿ?" ಅಂದೆ.

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಯಾರೂ ಅಲ್ಲ ಮಿಸ್. ತಳದಿಂದ ಕಲಕಿ ಹಾಕೋದಕ್ಕೆ ಹಂಗಂತಾರೆ."

ಸಂಜೆ ಮೆಟ್ರೋದಲ್ಲಿ ಕೂತಕೂಡಲೇ ಹುಲಿಗೆಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಕೇಳಿ ಅಳುತ್ತಾಳೇನೋ ಅಂದುಕೊಂಡೆ.

"ಮಿಸ್" ಅಂದಳು. "ಬರೇ ಹೆಸರು ಹೇಳ್ತಾರೇನ್ರಿ, ಖರೇನ ತಳಮಟ ಕಲಕ್ತಾರೇನ್ರಿ?"

"ಕಲಕ್ತಾರೆ ಕಣೇ" ಅಂದೆ. "ನನ್ನ ತಟ್ಟೆಗೂ ಬೇಳೆ ಬಿತ್ತು."